ಕೋಟೆ ಬೆಟ್ಟಕ್ಕೆ ಹೈಮಾಸ್ಟ್ ಬೇಡ, ಮೆಟ್ಟಿಲಿಗೆ ಸುಣ್ಣ ಸಾಕು

ಮಾನ್ಯ ಸಂಪಾದಕರೇ,

ನಮ್ಮ ಯಾದಗಿರಿ ಕೋಟೆ ಬೆಟ್ಟದ ತುದಿಗೆ ಎತ್ತರದ ಕಂಬದ ಒಂದು ಹೈಮಾಸ್ಟ್ ದೀಪ ಹಾಕಿಸಬೇಕು ಅಂತ ಮಾತು ಶುರುವಾಗಿದೆ. ಸ್ಟೇಷನ್ ರೋಡಿನ ಚಹಾ ಅಂಗಡಿಯಲ್ಲಿ ನಾನು ಕೂರುವ ಬೆಂಚಿನ ಮೇಲೆ ವಾರದಿಂದ ಇದೇ ಸುದ್ದಿ. ಸಂಜೆ ಸೂರ್ಯ ಮುಳುಗುವುದನ್ನು ನೋಡಲು ಜನ ಮೇಲೆ ಹೋಗುತ್ತಾರೆ, ಇಳಿಯುವಾಗ ಕತ್ತಲಾಗಿರುತ್ತದೆ, ಮೆಟ್ಟಿಲು ಕಾಣದೆ ಬೀಳುತ್ತಾರೆ, ಅದಕ್ಕೆ ದೊಡ್ಡ ದೀಪ ಬೇಕು ಅನ್ನುತ್ತಾರೆ. ಬಿದ್ದವರಲ್ಲಿ ನಾನೂ ಒಬ್ಬ. ಆದರೂ ಆ ದೀಪ ಬೇಡ ಅಂತ ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು 34 ವರ್ಷ ಲೈನ್‌ಮನ್ ಆಗಿದ್ದವನು. ಸೇರಿದಾಗ ಕೆಇಬಿ, ಅಂದರೆ ಕರೆಂಟ್ ಬೋರ್ಡು. 1999ರಲ್ಲಿ ಕೆಪಿಟಿಸಿಎಲ್ ಆಯ್ತು, 2002ರಲ್ಲಿ ಜೆಸ್ಕಾಂ ಬಂತು. ಬೋರ್ಡಿನ ಹೆಸರು ಬದಲಾಯಿತೇ ಹೊರತು ನಾವು ಹತ್ತುವ ಕಂಬ ಅವೇ, ಸುಟ್ಟುಹೋಗುವ ಟಿಸಿ (ಟ್ರಾನ್ಸ್‌ಫಾರ್ಮರ್) ಅವೇ. ಬಡವರ ಮನೆಗೆ ಕರೆಂಟ್ ಕೊಡುವ ಭಾಗ್ಯಜ್ಯೋತಿ ಯೋಜನೆಯಲ್ಲಿ ಮನೆಗೊಂದು ಬಲ್ಬು ಹಾಕಿಕೊಟ್ಟು, ಸ್ವಿಚ್ ಒತ್ತಿ ತೋರಿಸಿ, ಮನೆಯವರು ಕೊಟ್ಟ ಬೆಲ್ಲ-ನೀರು ಕುಡಿದು ಬಂದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಹೊಟ್ಟೆಪಾಡೇ ದೀಪದ್ದು. ಈಗ ದೀಪ ಬೇಡ ಅಂತ ಪೇಪರಿಗೆ ಬರೆಯಲು ಕೂತಿರುವುದನ್ನು ನೋಡಿ ನಮ್ಮ ಮನೆಯಾಕೆ, "ಕಾಲಿನ ಜೋಡಿ ತಲೀಗೂ ಪೆಟ್ಟು ಬಿದ್ದಾದೇನು" ಅಂದಿದ್ದಾಳೆ.

ನಿವೃತ್ತಿಯಾದ ಮೇಲೆ ವಾರಕ್ಕೆ ಎರಡು-ಮೂರು ಸಂಜೆ ಬೆಟ್ಟ ಹತ್ತುವ ಚಟ ಅಂಟಿತು. ಮಂಡಿನೋವಿಗೆ ಡಾಕ್ಟರು ನಡೆಯಿರಿ ಅಂದಿದ್ದರು, ಬೆಟ್ಟ ಹತ್ತಿರಿ ಅಂದಿರಲಿಲ್ಲ. ನನಗೆ ಹತ್ತಲು ಮುಕ್ಕಾಲು ಗಂಟೆ, ಇಳಿಯಲು ಅರ್ಧ ಗಂಟೆ ಬೇಕು. ಹುಡುಗರು ಇದರ ಅರ್ಧ ಹೊತ್ತಲ್ಲಿ ಮುಗಿಸುತ್ತಾರೆ. ಬಾಗಿಲ ತಿರುವಿನಲ್ಲಿ ಒಮ್ಮೆ ಕೂತು ಉಸಿರು ತೆಗೆದುಕೊಂಡು, ಆಮೇಲೆ ತೋಪಿನ ಬುರುಜಿನ ಕಡೆ ಹೋಗಿ ನನ್ನ ಜಾಗ ಹಿಡಿಯುತ್ತೇನೆ. ಬೀದರ್‌ನವರದು ಕೆಂಪು ಜಂಬಿಟ್ಟಿಗೆಯ ನೆಲ, ಕಲಬುರಗಿಯವರದು ಕರಿಮಣ್ಣು, ಶಹಾಬಾದಿನವರದು ಹಾಸುಗಲ್ಲು. ನಮ್ಮದು ಗಟ್ಟಿ ಗ್ರಾನೈಟ್ ಬಂಡೆ. ಬೇಸಿಗೆಯಲ್ಲಿ ಹಗಲೆಲ್ಲ ಬಿಸಿಲು ಕುಡಿದು, ಸಂಜೆ ಏಳಕ್ಕೂ ರೊಟ್ಟಿ ಹಂಚಿನ ಹಾಗೆ ಕಾದಿರುತ್ತದೆ. ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡರೂ ಮೊದಲ ಹತ್ತು ನಿಮಿಷ ಆ ಕಡೆ ಈ ಕಡೆ ಹೊರಳುತ್ತಾ ಕೂರಬೇಕು. ಚಳಿಗಾಲದಲ್ಲಿ ಅದೇ ಬಿಸಿ ಮಂಡಿಗೆ ಹಿತ.

ಬಾರದವರಿಗೆ ಒಂದು ಮಾತು. ಸೂರ್ಯ ವರ್ಷವಿಡೀ ಒಂದೇ ಜಾಗದಲ್ಲಿ ಇಳಿಯುವುದಿಲ್ಲ. ದೀಪಾವಳಿ ಹೊತ್ತಿಗೆ ಭೀಮಾ ನದಿಯಾಚೆ ಶಹಾಪುರದ ಕಡೆ ಇಳಿಯುತ್ತಾನೆ. ಕಾರಹುಣ್ಣಿಮೆ ಹೊತ್ತಿಗೆ ಬಲಕ್ಕೆ ಸರಿದು ಜೇವರ್ಗಿ ಕಡೆ ಹೋಗಿರುತ್ತಾನೆ. ನವೆಂಬರ್ ಕೊನೆಯಲ್ಲಿ ಪೌಣೆ ಆರಕ್ಕೆಲ್ಲ ಮುಳುಗಿದರೆ, ಜುಲೈ ಮೊದಲ ವಾರದಲ್ಲಿ ಹೆಚ್ಚು ಕಡಿಮೆ ಏಳು ಗಂಟೆ. ತಳ ನೆಲಕ್ಕೆ ತಾಗಿದ ಕ್ಷಣದಿಂದ ನೆತ್ತಿ ಮುಳುಗುವವರೆಗೆ ಎಷ್ಟು ಹೊತ್ತು ಗೊತ್ತಾ? ನಾನು ವಾಚ್ ಹಿಡಿದು ನೋಡಿದ್ದೇನೆ. ಎರಡೂಕಾಲು ನಿಮಿಷ, ಮೇಲೆ ಚೂರುಪಾರು. ಮೊಬೈಲು ಜೇಬಿಂದ ತೆಗೆದು, ಕ್ಯಾಮೆರಾ ತೆರೆದು, ಹೆಂಡತಿ-ಮಕ್ಕಳನ್ನು ನಿಲ್ಲಿಸಿ, "ಸ್ವಲ್ಪ ಎಡಕ್ಕ ಬಾ, ಎಡಕ್ಕ" ಅನ್ನುವಷ್ಟರಲ್ಲಿ ಮುಗಿದುಹೋಗಿರುತ್ತದೆ. ಮುಗಿದ ಮೇಲೂ ಜನ ಅರ್ಧ ಗಂಟೆ ಫೋಟೋ ನೋಡುತ್ತಾ ನಿಲ್ಲುತ್ತಾರೆ. ತೊಂದರೆ ಶುರುವಾಗುವುದು ಅಲ್ಲೇ.

ನಾನು ಬಿದ್ದದ್ದು ಹೋದ ದೀಪಾವಳಿ ರಜೆಯಲ್ಲಿ. ಕಲಬುರಗಿಯಿಂದ ಮೊಮ್ಮಗಳು ಬಂದಿದ್ದಳು, ಒಂಬತ್ತನೇ ಕ್ಲಾಸು. ಮನೆಯಾಕೆ ಕಟ್ಟಿಕೊಟ್ಟ ಚುರುಮುರಿ ತಿನ್ನುತ್ತಾ ಕೂತಿದ್ದೆವು. ಆರಕ್ಕೆ ಇನ್ನೂ ಕೆಲವು ನಿಮಿಷ ಇತ್ತು. ಸೂರ್ಯ ಮೇಲೆ ಕೆಳಗೆ ಅದುಮಿದ ಹಾಗೆ ಚಪ್ಪಟೆಯಾಗಿ ನೆಲಕ್ಕೆ ತಾಗಿದ. "ಮುತ್ಯಾ, ನಾವೀಗ ನೋಡ್ಲಿಕ್ಕತ್ತಿದ ಸೂರ್ಯ ಖರೇ ಅಲ್ಲಿಲ್ಲ, ಆಗ್ಲೇ ಕೆಳಗ ಹೋಗ್ಯಾನ" ಅಂದಳು. ಗಾಳಿ ಬೆಳಕನ್ನು ಬಗ್ಗಿಸಿ, ಕೆಳಗಿದ್ದವನನ್ನು ಎತ್ತಿ ತೋರಿಸುತ್ತದಂತೆ. ಚಪ್ಪಟೆ ಕಾಣುವುದಕ್ಕೂ ಅದೇ ಕಾರಣವಂತೆ. "ಹಂಗಾದ್ರ ನಾವು ಇಷ್ಟೊತ್ತು ಕಾಯ್ಕೋತ ಕುಂತಿದ್ದು ಯಾರಿಗವ್ವಾ?" ಅಂದೆ. ಬಾಯಲ್ಲಿದ್ದ ಚುರುಮುರಿ ಹಾರುವಷ್ಟು ನಕ್ಕಳು.

ಹೀಗೆ ಮಾತಾಡುತ್ತಾ ತಡವಾಯಿತು. ಸೂರ್ಯ ಹೋದ ಮೇಲೆ ನಮ್ಮ ಕಡೆ ಇಪ್ಪತ್ತು, ಇಪ್ಪತ್ತೆರಡು ನಿಮಿಷ ಬೆಳಕಿರುತ್ತದೆ. ಆಮೇಲೆ ಗಪ್ಪನೆ ಕತ್ತಲು. ದೀಪಾವಳಿ ಅಂದರೆ ಅಮಾವಾಸ್ಯೆ ಅಲ್ವಾ, ಚಂದ್ರನೂ ಇರಲಿಲ್ಲ. ಮೊಮ್ಮಗಳು ಮೊಬೈಲ್ ಟಾರ್ಚ್ ಹಾಕಿ ನನ್ನ ಹಿಂದೆ ಬಂದಳು. ಒಂದು ಬಾಗಿಲು ದಾಟಿದೆವು. ಅದರ ಕೆಳಗೆ, ಮೆಟ್ಟಿಲು ಮುಗಿಯಿತು ಅಂತ ನಾನು ಕಾಲಿಟ್ಟ ಕಡೆ ಇನ್ನೊಂದು ಮೆಟ್ಟಿಲಿತ್ತು. ಎಡಗಾಲು ಹೊರಳಿತು, ಕೂತುಬಿಟ್ಟೆ. "ಮುತ್ಯಾ, ಅಲ್ಲಾಡಬ್ಯಾಡ, ಅಲ್ಲೇ ಕುಂದ್ರು" ಅಂತ ಅವಳು ಕೂಗಿದ್ದಕ್ಕೆ ಕೆಳಗಿಂದ ಇಬ್ಬರು ಹುಡುಗರು ಓಡಿ ಬಂದರು. ಯಾರ ಮಕ್ಕಳೋ ಗೊತ್ತಿಲ್ಲ. ಎರಡೂ ಕಡೆ ಹೆಗಲು ಕೊಟ್ಟು ಇಳಿಸಿದರು. ಹೆಗಲು ಕೊಟ್ಟರು ಅಂತ ಮನೆಯಲ್ಲಿ ಹೇಳಿದ್ದಕ್ಕೆ, ಹಬ್ಬದ ದಿನ ಅಂಥ ಮಾತು ಆಡಬೇಡ ಅಂತ ಬೈಸಿಕೊಂಡದ್ದು ಬೇರೆ.

ಹದಿನೈದು ದಿನ ಕಾಲಿಗೆ ಪಟ್ಟಿ ಸುತ್ತಿಕೊಂಡು ಮಂಚದ ಮೇಲಿದ್ದೆ. ಮಾಡಲು ಬೇರೆ ಕೆಲಸ ಇರಲಿಲ್ಲ. ಯಾಕೆ ಬಿದ್ದೆ ಅಂತಲೇ ಯೋಚನೆ ಮಾಡಿದೆ. ಬೆಳಕಿರಲಿಲ್ಲವೇ? ಇತ್ತು. ಟಾರ್ಚು ಮೆಟ್ಟಿಲ ಮೇಲೇ ಬೀಳುತ್ತಿತ್ತು. ಆದರೆ ಬೆಳಕು ನಮ್ಮ ಕಣ್ಣಿನ ಹತ್ತಿರದಿಂದಲೇ ಹೊರಟು ನೇರ ಮುಂದೆ ಬಿದ್ದರೆ, ಮೆಟ್ಟಿಲ ನೆರಳು ನಮಗೆ ಕಾಣುವುದಿಲ್ಲ. ನೆರಳಿಲ್ಲದೆ ಎಲ್ಲಿ ತಗ್ಗು, ಎಲ್ಲಿ ಉಬ್ಬು ಗೊತ್ತಾಗುವುದಿಲ್ಲ. ಹತ್ತು ಮೆಟ್ಟಿಲೂ ಸೇರಿ ಒಂದೇ ಬಿಳಿ ಹಾಳೆ. ಇದು ಲೈನ್‌ಮನ್ನರಿಗೆ ಗೊತ್ತಿರುವ ವಿಷಯ. ರಾತ್ರಿ ಟಿಸಿ ಹತ್ತಿರ ಫ್ಯೂಸ್ ಹಾಕುವಾಗ ಜೊತೆಗಾರನಿಗೆ ಹೇಳುತ್ತಿದ್ದೆವು: ಬ್ಯಾಟರಿ ನನ್ನ ಹಿಂದಿಂದ ಹಿಡಿಯಬೇಡ, ಪಕ್ಕಕ್ಕೆ ಹೋಗಿ ಕೆಳಗಿಂದ ಹಿಡಿ. ಪಕ್ಕದ ಬೆಳಕಲ್ಲಿ ತಂತಿಯ ಒಂದೊಂದು ಎಳೆಯೂ ಎದ್ದು ಕಾಣುತ್ತದೆ. ಹೊಸಬ ಹುಡುಗನಿಗೆ ಇದನ್ನು ಕಲಿಸಲು ಆರು ತಿಂಗಳು ಬೇಕಾಗುತ್ತಿತ್ತು. ನಾನೇ ಇಳಿಯುವಾಗ ಮರೆತೆ. ಟಾರ್ಚನ್ನು ಮೊಮ್ಮಗಳ ಕೈಯಿಂದ ತೆಗೆದುಕೊಂಡು ಮಂಡಿ ಮಟ್ಟಕ್ಕೆ ಇಳಿಸಿ, ಪಕ್ಕಕ್ಕೆ ಹಿಡಿದಿದ್ದರೆ ಸಾಕಿತ್ತು.

ಇನ್ನು ಹೈಮಾಸ್ಟ್ ವಿಷಯ. ಅದು ಊರ ಸರ್ಕಲ್ಲಿಗೆ ಸರಿ. ಸಮತಟ್ಟು ನೆಲ, ಸುತ್ತ ನಾಲ್ಕು ರಸ್ತೆ, ನಡುವೆ ಎತ್ತರದ ಕಂಬ. ಬೆಟ್ಟದ ತಲೆಗೆ ಅದನ್ನು ನೆಟ್ಟರೆ ಬೆಳಕು ಬೀಳುವುದು ಮೇಲಿನ ಬಯಲಿಗೆ. ಜನ ಬೀಳುತ್ತಿರುವುದು ಅಲ್ಲಿ ಅಲ್ಲ. ಗೋಡೆ ಮರೆಯಲ್ಲಿ, ಬಾಗಿಲ ತಿರುವಿನಲ್ಲಿ, ಬಂಡೆ ಸಂದಿಯ ಮೆಟ್ಟಿಲಲ್ಲಿ ಬೀಳುತ್ತಾರೆ. ಅಲ್ಲಿಗೆ ಆ ಬೆಳಕು ತಲುಪುವುದೇ ಇಲ್ಲ. ಬದಲಿಗೆ ಗೋಡೆಯ ನೆರಳು ಇನ್ನಷ್ಟು ಕಪ್ಪಾಗಿ ಮೆಟ್ಟಿಲ ಮೇಲೆ ಮಲಗುತ್ತದೆ. ಮೇಲೆ ಝಗಝಗ ನೋಡಿದ ಕಣ್ಣು ಕತ್ತಲಿಗೆ ಸರಿಯಾಗಿ ಒಗ್ಗಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ಅಷ್ಟು ಹೊತ್ತು ಬಾಗಿಲಲ್ಲಿ ಕಾದು ನಿಂತು ಆಮೇಲೆ ಇಳಿಯುವವರು ಯಾರು?

ಅರ್ಥಿಂಗ್, ಅಂದರೆ ಸಿಡಿಲನ್ನೂ ಸೋರಿದ ಕರೆಂಟನ್ನೂ ನೆಲಕ್ಕೆ ಇಳಿಸುವ ವ್ಯವಸ್ಥೆ, ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನನಗೆ ಜಾಸ್ತಿ ಹೆದರಿಕೆ ಇರುವುದೇ ಅದರದ್ದು. ಇಷ್ಟೆತ್ತರದ ಕಬ್ಬಿಣದ ಕಂಬ, ಅದೂ ಬೆಟ್ಟದ ನೆತ್ತಿಯಲ್ಲಿ. ಸಿಡಿಲಿಗೆ ಬಾ ಅಂತ ಕೈ ಮಾಡಿ ಕರೆದ ಹಾಗೆ. ಅದಕ್ಕೆ ಒಳ್ಳೆಯ ಅರ್ಥಿಂಗ್ ಬೇಕು. ಅರ್ಥಿಂಗ್ ಅಂದರೆ ಗುಂಡಿ ತೋಡಿ, ಆಳಕ್ಕೆ ಪೈಪು ಇಳಿಸಿ, ಸುತ್ತ ಉಪ್ಪು-ಇದ್ದಿಲು ತುಂಬಿ, ಬೇಸಿಗೆಯಲ್ಲಿ ನೀರು ಹಾಕುತ್ತಾ ಮಣ್ಣನ್ನು ಹಸಿಯಾಗಿಡಬೇಕು. ಕರಿಮಣ್ಣಿನಲ್ಲಿ ಇದು ಅರ್ಧ ದಿನದ ಕೆಲಸ. ಗ್ರಾನೈಟ್ ಬಂಡೆ ಮೇಲೆ ಎಲ್ಲಿ ತೋಡುತ್ತೀರಿ? ಬಂಡೆ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೆಳಗಿನ ಮಣ್ಣಿನವರೆಗೂ ಪಟ್ಟಿ ಎಳೆಯಬೇಕು. ಅಷ್ಟುದ್ದದ ತಾಮ್ರದ ಪಟ್ಟಿ ಎಷ್ಟು ದಿನ ಅಲ್ಲೇ ಇರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಕೇಬಲ್ಲಿನ ಮೈ ಎಲ್ಲೋ ಒಂದು ಕಡೆ ಸವೆದರೆ, ಮಳೆಯಲ್ಲಿ ಒದ್ದೆಯಾದ ಕಲ್ಲ ಮೇಲೆ ಬರಿಗಾಲಲ್ಲಿ ಹತ್ತುವವರ ಗತಿ ಏನು? ಮೇಲೆ ಭುವನೇಶ್ವರಿ ಗುಡಿ ಇದೆ, ಭಕ್ತರು ಚಪ್ಪಲಿ ಬಿಟ್ಟು ಬರುತ್ತಾರೆ. ಇದನ್ನೆಲ್ಲ ಸರಿಯಾಗಿ ಮಾಡುವ ದಾರಿ ಇಲ್ಲ ಅಂತಲ್ಲ, ಇದೆ. ಆದರೆ ಮಾಡಿದ ಮೇಲೆ ವರ್ಷಾ ವರ್ಷಾ ಮೇಲೆ ಹತ್ತಿ ಮೀಟರ್ ಹಿಡಿದು ನೋಡುವವರು ಯಾರು? ನಮ್ಮ ಓಣಿ ಹತ್ತಿರದ ಹೈಮಾಸ್ಟಿನಲ್ಲಿ ಎಂಟು ದೀಪಗಳಲ್ಲಿ ಮೂರೇ ಉರಿಯುತ್ತಿವೆ. ರಿಂಗನ್ನು ಕೆಳಗಿಳಿಸುವ ವಿಂಚಿನ ಹಗ್ಗ ಸಿಕ್ಕಿಹಾಕಿಕೊಂಡಿದೆಯಂತೆ. ಅದು ಸಮತಟ್ಟು ನೆಲದಲ್ಲಿದೆ, ಪಕ್ಕದಲ್ಲೇ ಚಹಾ ಸಿಗುತ್ತದೆ. ಆದರೂ ಅದರ ಗತಿ ಇಷ್ಟು.

ಇಷ್ಟೂ ಲೈನ್‌ಮನ್ನನ ಮಾತಾಯಿತು. ಈಗ ಅಲ್ಲಿ ಸುಮ್ನೆ ಕೂರುವವನ ಮಾತು.

ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಪಡುವಣಕ್ಕೆ ಮುಖ ಮಾಡಿಯೇ ನಿಂತಿರುತ್ತಾರೆ. ಒಮ್ಮೆ ಹಿಂದೆ ತಿರುಗಿ ನೋಡಿ. ಮೂಡಣದಲ್ಲಿ ಗುರುಮಠಕಲ್ ಕಡೆಯ ಬಾನಿನ ಅಂಚಿಗೆ ಬೂದು-ನೀಲಿ ಬಣ್ಣದ ಒಂದು ಪಟ್ಟಿ ಏಳುತ್ತದೆ. ಅದರ ಮೇಲೆ ತೆಳು ಗುಲಾಬಿ ಅಂಚು, ಇಳಕಲ್ ಸೀರೆಗೆ ಸೆರಗು ಕೂಡಿಸಿದ ಹಾಗೆ. ಆ ನೀಲಿ ಪಟ್ಟಿ ಬೇರೇನೂ ಅಲ್ಲ, ಭೂಮಿಯದೇ ನೆರಳು. ನಮ್ಮ ನೆಲದ ನೆರಳು ಆಕಾಶದ ಮೇಲೆ ಬಿದ್ದು ನಿಧಾನವಾಗಿ ಮೇಲೇರುತ್ತದೆ. ಹತ್ತು-ಹದಿನೈದು ನಿಮಿಷದಲ್ಲಿ ಗುಲಾಬಿ ಕರಗಿ, ನೀಲಿಯೇ ಕತ್ತಲಾಗಿ ಬಿಡುತ್ತದೆ. ನೌಕರಿಯಲ್ಲಿದ್ದಾಗ ಸಂಜೆ ಹೊತ್ತು ಕಂಬದ ಮೇಲೆ ಬೆಲ್ಟ್ ಬಿಗಿದುಕೊಂಡು, ಕೆಳಗಿಂದ ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆದಿದ್ದೇವೆ ಅನ್ನುವ ಮಾತು, ಬರಲಿ ಅಂತ ಕಾಯುವಾಗ ಎಷ್ಟೋ ಸಲ ನೋಡಿದ್ದೆ. ಹೆಸರೇನು, ಏನದು ಗೊತ್ತಿರಲಿಲ್ಲ. ಇದನ್ನೂ ಮೊಮ್ಮಗಳೇ ಹೇಳಿಕೊಟ್ಟಳು. ನೆಲದಿಂದ ನೋಡಿದರೆ ಮನೆ-ಮರ ಅಡ್ಡ ಬರುತ್ತವೆ. ಬೆಟ್ಟದ ಮೇಲೆ ಅಡ್ಡ ಏನೂ ಇಲ್ಲ. ಅಲ್ಲಿ ಹೈಮಾಸ್ಟ್ ಉರಿದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಮಳೆಗಾಲದಲ್ಲಂತೂ ದೀಪದ ಹುಳು ಮುತ್ತಿಕೊಂಡು ಯಾರೂ ಅಲ್ಲಿ ಕೂರುವ ಹಾಗೂ ಇರುವುದಿಲ್ಲ.

ಆ ಪಟ್ಟಿ ಕತ್ತಲಾಗುವ ಹೊತ್ತಿಗೆ ಕೆಳಗೆ ದೀಪ ಹತ್ತಲು ಶುರುವಾಗುತ್ತವೆ. ಮೊದಲು ಊರು, ಸ್ಟೇಷನ್ನು. ಆಮೇಲೆ ದೂರದಲ್ಲಿ ಮುಂಡರಗಿ, ರಾಮಸಮುದ್ರದ ಕಡೆ ಒಂದೊಂದೇ ಚುಕ್ಕೆ. ಯಾವ ಊರಿನ ದೀಪ ಯಾವುದು ಅಂತ ಗುರುತಿಸುವುದು ನನ್ನೊಬ್ಬನ ಆಟ. ಒಂದು ಕಡೆ ಗೊಂಚಲು ಪೂರಾ ಕಪ್ಪಾದರೆ, "ಆ ಫೀಡರ್ ಹೋಯ್ತು" ಅಂತ ಬಾಯಿಗೆ ಬಂದುಬಿಡುತ್ತದೆ; ಫೀಡರ್ ಅಂದರೆ ಆ ಕಡೆಗೆ ಕರೆಂಟ್ ಒಯ್ಯುವ ಮುಖ್ಯ ಲೈನು. ಪಕ್ಕದಲ್ಲಿದ್ದವರು ನನ್ನ ಮುಖ ನೋಡುತ್ತಾರೆ. ಮುಂಬೈ-ಚೆನ್ನೈ ಲೈನಿನ ಗಾಡಿ ಕಿಟಕಿಗಳ ಸಾಲು ಹೊತ್ತು ಹಾವಿನ ಹಾಗೆ ಹಾದು ಹೋಗುತ್ತದೆ. ಈಗ ಆ ಗಾಡಿಗೂ ಕರೆಂಟೇ. ಹೊಗೆ ಇಲ್ಲ, ದೂರದಿಂದ ಸದ್ದೂ ಕಡಿಮೆ. ನಾವು ಕತ್ತಲಲ್ಲಿ ಕೂತಿದ್ದಕ್ಕೇ ಇವೆಲ್ಲ ಕಾಣುವುದು.

ಬೆಟ್ಟಕ್ಕೆ ತನ್ನದೇ ಒಂದು ದೀಪ ಉಂಟು. ಹುಣ್ಣಿಮೆ ದಿನ ಹತ್ತಿ ನೋಡಿ. ಪಡುವಣದಲ್ಲಿ ಸೂರ್ಯ ಇಳಿಯುವ ಹೊತ್ತಿಗೇ ಮೂಡಣದಲ್ಲಿ ಚಂದ್ರ ಏಳುತ್ತಾನೆ. ಆ ರಾತ್ರಿ ಬಿದ್ದವರನ್ನು ನಾನು ನೋಡಿಲ್ಲ. ಶೀಗಿ ಹುಣ್ಣಿಮೆ ಹೊತ್ತಿಗೆ ಮಳೆ ನಿಂತು ಆಕಾಶ ತೊಳೆದ ಹಾಗಿರುತ್ತದೆ, ಅದು ಎಲ್ಲಕ್ಕಿಂತ ಒಳ್ಳೆಯ ದಿನ. ನೀರಿನ ಬಾಟಲಿ ಒಯ್ದರೆ ಖಾಲಿ ಬಾಟಲಿ ವಾಪಸ್ ತನ್ನಿ, ಅಷ್ಟು ಸಾಕು.

ಉಳಿದ ದಿನಗಳಿಗೆ ನನ್ನ ಸಲಹೆ ಸುಣ್ಣ. ಮೆಟ್ಟಿಲಿನ ಅಂಚಿಗೆ, ಕಾಲು ಇಳಿಸುವ ಕಡೆ, ನಾಲ್ಕು ಬೆರಳು ಅಗಲದ ಒಂದು ಬಿಳಿ ಪಟ್ಟಿ. ರಸ್ತೆ ಬದಿ ಮರಗಳಿಗೆ ಬಿಳಿ-ಕೆಂಪು ಪಟ್ಟಿ ಹೊಡೆಯುವುದು ಇದಕ್ಕೇ ಅಲ್ವಾ? ನಕ್ಷತ್ರದ ಬೆಳಕಲ್ಲೂ ಬಿಳಿ ಕಾಣುತ್ತದೆ. ಟಾರ್ಚ್ ಹೇಗೇ ಹಿಡಿದರೂ ಕಾಣುತ್ತದೆ. ಮೇಲಿಂದ ನೋಡಿದರೆ ಮೆಟ್ಟಿಲು ಎಲ್ಲಿ ತಿರುಗಿದೆ, ಎಲ್ಲಿ ಮುಗಿದಿದೆ ಗೊತ್ತಾಗುತ್ತದೆ. ನಾನು ಬಿದ್ದ ಆ ಕೊನೆಯ ಮೆಟ್ಟಿಲಿಗೆ ಬೇಕಾದರೆ ಎರಡು ಪಟ್ಟಿ ಹೊಡೆಯಲಿ.

ಮನೆಯಂಗಳದಲ್ಲೇ ಹೊಡೆದು ನೋಡಿದ್ದೇನೆ. ಸುಣ್ಣದ ಹರಳನ್ನು ಹಿಂದಿನ ರಾತ್ರಿ ಹಳೇ ಡ್ರಮ್ಮಿನಲ್ಲಿ ನೆನೆಹಾಕಬೇಕು. ನೀರು ಬಿದ್ದ ಕೂಡಲೇ ಕೊತಕೊತ ಕುದಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡಬಾರದು. ಬೆಳಿಗ್ಗೆ ಸೋಸಿ, ಒಂದು ಹಿಡಿ ಉಪ್ಪು, ಸ್ವಲ್ಪ ಅಂಟು ಕಲಸಿದರೆ ಕೈಗೆ ಹತ್ತುವುದಿಲ್ಲ. ಹೊಡೆದಾಗ ನೀರು ನೀರಾಗಿ ಕಾಣುತ್ತದೆ, ಏನೂ ಹತ್ತಿಲ್ಲ ಅನ್ನಿಸುತ್ತದೆ. ಒಣಗಿದ ಮೇಲೆ ಹಾಲಿನಷ್ಟು ಬಿಳಿ. ನನ್ನ ಅಂಗಳದ ಮೂರು ಮೆಟ್ಟಿಲು ರಾತ್ರಿ ಕರೆಂಟ್ ಹೋದಾಗಲೂ ಗೇಟಿನಿಂದ ಕಾಣುತ್ತವೆ. ಮಳೆಗೆ ತೊಳೆದು ಹೋಗುತ್ತದೆ ಅಂತ ಚಹಾ ಅಂಗಡಿಯಲ್ಲಿ ಒಬ್ಬರು ತಕರಾರು ತೆಗೆದರು. ಹೋಗಲಿ ಬಿಡಿ. ಮಹಾನವಮಿಗೆ ಮನೆಗೆ ಸುಣ್ಣ ಹೊಡೆಯುತ್ತೇವೆ, ಆಗ ಬೆಟ್ಟಕ್ಕೂ ಹೊಡೆದರಾಯಿತು. ಶಹಾಬಾದಿನ ನೆಲವೆಲ್ಲ ಸುಣ್ಣದ ಕಲ್ಲು, ನಮ್ಮ ಕಡೆಯವರಿಗೆ ಸುಣ್ಣಕ್ಕೆ ಬರವೇ?

ಇನ್ನೊಂದು ತಕರಾರು ಖರೇ ಇದೆ. ಕೋಟೆಯ ಹಳೇ ಕಲ್ಲಿಗೆ ಸುಣ್ಣ ಹಚ್ಚುವುದು ಸರಿಯೇ? ಶತಮಾನಗಳಿಂದ ಇರುವ ಮೆಟ್ಟಿಲು, ಬಂಡೆಯಲ್ಲೇ ಕಡಿದವೂ ಇವೆ. ಪ್ರೇಮಿಗಳು ಹೆಸರು ಬರೆದು ಹಾಳು ಮಾಡಿದ್ದು ಸಾಲದೆ ನೀವೂ ಬಳಿಯಲು ಹೊರಟಿರಾ ಅಂತ ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವರ ಮಾತು ಒಪ್ಪುತ್ತೇನೆ. ಹಳೇ ಮೆಟ್ಟಿಲು ಮುಟ್ಟುವುದು ಬೇಡ ಅಂದರೆ, ಪಕ್ಕದಲ್ಲಿ ಬಿಡಿ ಕಲ್ಲುಗಳಿಗೆ ಸುಣ್ಣ ಹೊಡೆದು ಸಾಲಾಗಿ ಇಟ್ಟರೂ ನಡೆಯುತ್ತದೆ. ಬೇಡ ಅಂದ ದಿನ ಎತ್ತಿಟ್ಟರಾಯಿತು, ಕೋಟೆಗೆ ಗಾಯವಿಲ್ಲ. ಕಂಬ ನೆಡಲು ಬಂಡೆ ಕೊರೆಯುವುದಕ್ಕಿಂತ ಇದು ವಾಸಿ ಅಂತ ಮೇಷ್ಟ್ರೂ ಒಪ್ಪಿದರು. ಜೊತೆಗೆ ಬೆಟ್ಟದ ಬುಡದಲ್ಲಿ ಒಂದು ಕರಿಹಲಗೆ ಇಡಬೇಕು, ಅದರ ಮೇಲೆ ದಿನಾ ಸೂರ್ಯ ಮುಳುಗುವ ಸಮಯ ಬರೆಯಬೇಕು, ಅದರ ಕೆಳಗೆ "ಇಷ್ಟು ಗಂಟೆಯೊಳಗೆ ಇಳಿಯಲು ಶುರು ಮಾಡಿ" ಅಂತ ಒಂದು ಸಾಲು ಇರಬೇಕು ಅಂತ ಅವರೇ ಸೇರಿಸಿದರು. ಬರೆಯುವ ಕೆಲಸವನ್ನೂ ತಾವೇ ಮಾಡುತ್ತಾರಂತೆ, ಅಕ್ಷರ ದುಂಡಗಿದೆ.

ಇದನ್ನು ಹೇಳಲು ಒಂದು ಕಚೇರಿಗೆ ಹೋಗಿದ್ದೆ. ಕುಂಟುತ್ತಾ ಹೋದವನಿಗೆ ಕುರ್ಚಿ ಕೊಟ್ಟರು, ಅದು ದೊಡ್ಡದು. ಎಲ್ಲ ಕೇಳಿ, ಮೆಟ್ಟಿಲು ನಮ್ಮದಲ್ಲ, ಇನ್ನೊಂದು ಕಚೇರಿಗೆ ಹೋಗಿ ಅಂದರು. ಅಲ್ಲಿಗೆ ಹೋದರೆ, ಬೆಟ್ಟ ನಮ್ಮದಲ್ಲ ಅಂದರು. ಮೆಟ್ಟಿಲು ಒಬ್ಬರದ್ದಲ್ಲ, ಬೆಟ್ಟ ಇನ್ನೊಬ್ಬರದ್ದಲ್ಲ. ಹಾಗಾದರೆ ಹೈಮಾಸ್ಟ್ ಯಾವುದರ ಮೇಲೆ ನೆಡುತ್ತಾರೆ ಅಂತ ಕೇಳಿದೆ. ನಕ್ಕು, ಅರ್ಜಿ ಕೊಟ್ಟು ಹೋಗಿ ಅಂದರು. ಕೊಟ್ಟು ಬಂದು ಎರಡು ತಿಂಗಳಾಯಿತು.

ಪತ್ರ ಉದ್ದವಾಗಿದೆ, ನಿಮಗೆ ಜಾಗ ಇಲ್ಲದಿದ್ದರೆ ಚುರುಮುರಿಯ ಭಾಗ ಕತ್ತರಿಸಿ. ಅರ್ಥಿಂಗ್ ಭಾಗ ಮಾತ್ರ ಬಿಡಬೇಡಿ. ಸುಣ್ಣ, ಡ್ರಮ್ಮು, ಎರಡು ಬ್ರಷ್ಷು ನನ್ನ ಹತ್ತಿರ ಇವೆ. ಮೇಲೆ ಹೊರುವುದು ನನ್ನ ಕಾಲಿಗೆ ಆಗದು, ಅವತ್ತು ಹೆಗಲು ಕೊಟ್ಟ ಆ ಇಬ್ಬರು ಹುಡುಗರು ಇದನ್ನು ಓದಿದರೆ ಬರಲಿ. ಸಂಬಂಧಪಟ್ಟವರು ಯಾರು ಅಂತ ಅವರೇ ಮುಂದೆ ಬಂದು, ಹೂಂ ಅಂತ ಒಂದು ಚೀಟಿ ಕೊಟ್ಟರೆ ಮುಂದಿನ ಭಾನುವಾರವೇ ಕೆಲಸ ಶುರು. ಹಿಂದಿನ ರಾತ್ರಿ ನೆನೆಹಾಕಬೇಕು, ಅದಕ್ಕೆ ಶನಿವಾರ ಮಧ್ಯಾಹ್ನದೊಳಗೆ ತಿಳಿಸಿದರೆ ಒಳ್ಳೆಯದು.

ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲೈನ್‌ಮನ್
ಯಾದಗಿರಿ